ಎಫ್6 ಒತ್ತಿ, ಫ್ಲಾಪಿ ಹಾಕಿ: ಕಾಣೆಯಾದ ಹಾರ್ಡ್ ಡಿಸ್ಕ್ ಕಥೆ

ವಿಂಡೋಸ್ ಹಾಕೋಕೆ ಕೂತಿದ್ದೀರಿ, ಡಿಸ್ಕ್ ಆಯ್ಕೆ ಮಾಡೋ ಪಟ್ಟಿ ಖಾಲಿ. ಡಿಸ್ಕೇ ಹೋಯ್ತು ಅಂತ ಅಂಗಡಿಗೆ ಓಡೋ ಮುಂಚೆ ಈ ಹಳೇ ಕಥೆ ಕೇಳಿ.

ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರಲ್ಲಿ. ಸಾಟಾ ಡಿಸ್ಕ್‌ಗಳನ್ನು ನಡೆಸುವ ಎಎಚ್‌ಸಿಐ ಪದ್ಧತಿ ಬಂದಿದ್ದು 2004ರಲ್ಲಿ. ತನಗಿಂತ ಆಮೇಲೆ ಹುಟ್ಟಿದ್ದರ ಭಾಷೆ ಎಕ್ಸ್‌ಪಿ ಸಿಡಿಗೆ ಹೇಗೆ ಗೊತ್ತಿರುತ್ತೆ? ಡಿಸ್ಕ್ ಗಟ್ಟಿಯಾಗೇ ಇದೆ, ನಡುವೆ ದುಭಾಷಿ ಇಲ್ಲ ಅಷ್ಟೆ. ಆ ದುಭಾಷಿಯೇ ಡ್ರೈವರ್.

ಅದನ್ನು ಕೊಡೋಕೆ, ಸೆಟಪ್ ಶುರುವಾದ ಕೂಡಲೇ ಪರದೆಯ ತಳದಲ್ಲಿ ಕೆಲವೇ ಸೆಕೆಂಡ್ ಬಂದುಹೋಗೋ ಸೂಚನೆ ನೋಡಿ ಎಫ್6 ಒತ್ತಬೇಕಿತ್ತು. ಆಮೇಲೆ ಅದು ಕೇಳ್ತಿದ್ದದ್ದು ಏನು ಗೊತ್ತಾ? ಫ್ಲಾಪಿ! 1.44 ಎಂಬಿಯದ್ದು. ಸಿಡಿ, ಪೆನ್ ಡ್ರೈವ್ ಒಪ್ತಿರಲಿಲ್ಲ. ಹೊಸ ಕಂಪ್ಯೂಟರ್‌ಗಳಲ್ಲಿ ಆ ಹೊತ್ತಿಗೆ ಫ್ಲಾಪಿ ಡ್ರೈವೇ ಮಾಯವಾಗ್ತಿತ್ತು. ಹಾಗಾಗಿ ಬಯೋಸ್‌ಗೆ ಹೋಗಿ ಐಡಿಇ ಮೋಡ್ ಹಾಕೋರು. ಡಿಸ್ಕ್ ಹಳೇ ವೇಷದಲ್ಲಿ ಪ್ರತ್ಯಕ್ಷ.

2007ರ ವಿಸ್ಟಾವನ್ನ ಎಲ್ರೂ ಬೈದ್ರು. ಆದ್ರೆ ಯುಎಸ್‌ಬಿಯಿಂದ ಡ್ರೈವರ್ ತಗೊಳ್ಳೋ ಸೌಲಭ್ಯ ಕೊಟ್ಟಿದ್ದು ಅದೇ, ಪಾಪ.

ಈಗ ಅದೇ ಪಾಡು, ಹೆಸರು ವಿಎಂಡಿ. ಇಂಟೆಲ್ 11ನೇ ತಲೆಮಾರಿನಿಂದ ಹಲವು ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿ ಇದರ ಹಿಂದೆ ಅಡಗಿರುತ್ತೆ. ಲ್ಯಾಪ್‌ಟಾಪ್ ಕಂಪನಿಯ ಸೈಟಿಂದ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅನ್‌ಜಿಪ್ ಮಾಡಿ ಪೆನ್ ಡ್ರೈವ್‌ಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದ್ರೂ ಡಿಸ್ಕ್ ಕಾಣಬಹುದು. ಆದ್ರೆ ಮೊದಲೇ ಇದ್ದ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಒಳಗೆ ಅಪ್ಪ-ಅಮ್ಮನ ಫೋಟೋ ಇದ್ರೆ, ಡಿಸ್ಕ್ ಸಿಕ್ಕ ಖುಷೀಲಿ ಫಾರ್ಮ್ಯಾಟ್ ಒತ್ತಿಬಿಡಬೇಡಿ. ಬಯೋಸ್‌ನಲ್ಲೂ ಡಿಸ್ಕ್ ಹೆಸರಿಲ್ಲ ಅಂದ್ರೆ ಆಗ ಕೇಬಲ್, ಸ್ಲಾಟ್ ಕಡೆ ನೋಡಿ.