ಮಳೆಗಾಲದ ಕಾಲ್ನಡಿಗೆ: ಪಾದರಕ್ಷೆಗಳ ಆಯ್ಕೆ ಮತ್ತು ಪಾದಗಳ ಆರೈಕೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಮಾಹಿತಿ

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳು ಕರಾವಳಿ ಮತ್ತು ಪಶ್ಚಿಮ ಘಟ್ಟಗಳ ನಡುವಿನ ಪ್ರದೇಶದಲ್ಲಿವೆ. ಇಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳುಗಳಲ್ಲಿಯೇ ಸುರಿಯುತ್ತದೆ. ಜೈನ ಮುನಿಗಳು ಚಾತುರ್ಮಾಸ್ಯದ ಅವಧಿಯಲ್ಲಿ ವಿಹಾರವನ್ನು ನಿಲ್ಲಿಸಿ ಒಂದೇ ಸ್ಥಳದಲ್ಲಿ ನೆಲೆಸುವ ಪದ್ಧತಿ ಪುರಾತನವಾದುದು. ಆದರೆ ಯಾತ್ರಿಕರು, ಪ್ರವಾಸಿಗರು, ವಿದ್ಯಾರ್ಥಿಗಳು ಹಾಗೂ ತೋಟದ ಕಾರ್ಮಿಕರು ಮಳೆಗಾಲದಲ್ಲಿಯೂ ನಡೆದಾಡುವುದು ಅನಿವಾರ್ಯವಾಗಿದೆ.

ಈ ಪ್ರದೇಶದ ಮಳೆಯಲ್ಲಿ ಶೂಗಳನ್ನು ದಿನವಿಡೀ ಒಣದಾಗಿ ಇಟ್ಟುಕೊಳ್ಳುವುದು ಬಹುತೇಕ ಅಸಾಧ್ಯ. ಆದರೆ ಒದ್ದೆಯಾದ ಪಾದಗಳನ್ನು ಆಗಾಗ್ಗೆ ಒಣಗಿಸುವುದು ಮತ್ತು ಚರ್ಮ ಒಡೆಯದಂತೆ ಕಾಪಾಡಿಕೊಳ್ಳುವುದು ಎಲ್ಲರಿಗೂ ಸಾಧ್ಯ. ಇಲಿ ಜ್ವರದಂತಹ ಮಾರಕ ರೋಗವು ಒಡೆದ ಚರ್ಮದ ಮೂಲಕ ದೇಹವನ್ನು ಪ್ರವೇಶಿಸುವುದರಿಂದ ಇದು ಕೇವಲ ಅನುಕೂಲದ ವಿಷಯವಾಗಿರದೆ ಆರೋಗ್ಯದ ವಿಷಯವೂ ಆಗಿದೆ.

ನೀರು ಒಳಸೇರುವ ಬಗೆ

ಶೂಗಳ ಒಳಗೆ ನೀರು ಹೆಚ್ಚಾಗಿ ಸೇರುವುದು ಮೇಲ್ಭಾಗದಿಂದ. ಪ್ಯಾಂಟಿನ ಮೇಲೆ ಬಿದ್ದ ಮಳೆನೀರು ಕಾಲಿನುದ್ದಕ್ಕೂ ಹರಿದು ಕಾಲುಚೀಲಗಳನ್ನು ತೋಯಿಸುತ್ತದೆ. ಗಿಡಗಂಟಿಗಳ ನಡುವೆ ನಡೆಯುವಾಗ ಎಲೆಗಳ ಮೇಲಿನ ನೀರೂ ಇದೇ ರೀತಿ ಒಳಸೇರುತ್ತದೆ. ಎರಡನೆಯದು ಪಾದದ ಬೆವರು. ಜಲನಿರೋಧಕ ಪೊರೆಯುಳ್ಳ ದುಬಾರಿ ಶೂಗಳು ಬೆವರಿನ ಆವಿಯನ್ನು ಹೊರಬಿಡಬೇಕಾದರೆ ಹೊರಗಿನ ಗಾಳಿಯಲ್ಲಿ ತೇವಾಂಶ ಕಡಿಮೆಯಿರಬೇಕು. ಮುಂಗಾರಿನಲ್ಲಿ ಇಲ್ಲಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಅವುಗಳ ಪ್ರಯೋಜನ ಕುಗ್ಗುತ್ತದೆ. ಒಮ್ಮೆ ಮೇಲಿನಿಂದ ನೀರು ತುಂಬಿದರೆ ಇಂತಹ ಶೂಗಳು ಒಣಗಲು ಸಾಧಾರಣ ಶೂಗಳಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ.

ಪಾದರಕ್ಷೆಗಳ ಆಯ್ಕೆ

* ಡಾಂಬರು ರಸ್ತೆ ಹಾಗೂ ಪೇಟೆಗಳಲ್ಲಿ ಹಿಮ್ಮಡಿಗೆ ಪಟ್ಟಿಯಿರುವ, ನೀರು ಸುಲಭವಾಗಿ ಹರಿದುಹೋಗುವ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಯಾಂಡಲ್‌ಗಳು ಸೂಕ್ತ.
* ಅಡಿಕೆ ತೋಟ, ಗದ್ದೆ ಮತ್ತು ಕೆಸರಿರುವ ಸ್ಥಳಗಳಲ್ಲಿ ಗಂಬೂಟುಗಳನ್ನು ಧರಿಸಬೇಕು. ಇವುಗಳ ಒಳಗೆ ಬೆವರು ಶೇಖರವಾಗುವುದರಿಂದ ಬಿಡುವಿನ ವೇಳೆಯಲ್ಲಿ ಕಳಚಿ ಪಾದಗಳಿಗೆ ಗಾಳಿಯಾಡಲು ಬಿಡುವುದು ಉತ್ತಮ.
* ಬೆಟ್ಟದ ದಾರಿಗಳಲ್ಲಿ ಆಳವಾದ ಹಲ್ಲುಗಳುಳ್ಳ ರಬ್ಬರ್ ಅಡಿಯ, ಹಗುರವಾದ ಬಟ್ಟೆಯ ಶೂಗಳು ಮೇಲು. ಬೆಳ್ತಂಗಡಿ ಸಮೀಪದ ಗಡಾಯಿಕಲ್ಲು, ಬಂಟ್ವಾಳ ತಾಲ್ಲೂಕಿನ ಕಾರಿಂಜ ಮುಂತಾದೆಡೆ ಬಂಡೆ ಮತ್ತು ಮೆಟ್ಟಿಲುಗಳು ಮಳೆಗಾಲದಲ್ಲಿ ಜಾರುತ್ತವೆ. ಸವೆದ ಅಡಿಯ ಪಾದರಕ್ಷೆಗಳನ್ನು ಧರಿಸಲೇಬಾರದು. ಗಡಾಯಿಕಲ್ಲು ಹಾಗೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣ ಮಾರ್ಗಗಳಿಗೆ ಮಳೆಗಾಲದಲ್ಲಿ ಪ್ರವೇಶ ನಿರ್ಬಂಧಿಸುವುದುಂಟು. ಅರಣ್ಯ ಇಲಾಖೆಯಿಂದ ಮಾಹಿತಿ ಪಡೆದು ಹೊರಡತಕ್ಕದ್ದು.
* ಹತ್ತಿಯ ಕಾಲುಚೀಲಗಳು ನೀರನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಉಜ್ಜುತ್ತವೆ. ಉಣ್ಣೆ ಅಥವಾ ಕೃತಕ ನೂಲಿನ ತೆಳು ಕಾಲುಚೀಲಗಳು ಬೇಗ ಒಣಗುತ್ತವೆ. ಕನಿಷ್ಠ 2 ಜೊತೆ ಹೆಚ್ಚುವರಿ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೊಂಡೊಯ್ಯಬೇಕು.

ಪುಣ್ಯಕ್ಷೇತ್ರಗಳ ಭೇಟಿ

ಧರ್ಮಸ್ಥಳದ ಶ್ರೀ ಮಂಜುನಾಥ ದೇವಸ್ಥಾನ, ಪೊಳಲಿಯ ಶ್ರೀ ರಾಜರಾಜೇಶ್ವರಿ ದೇವಸ್ಥಾನ, 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹಾಗೂ 1604ರಲ್ಲಿ ಪ್ರತಿಷ್ಠಾಪಿಸಲಾದ ವೇಣೂರಿನ ಗೊಮ್ಮಟೇಶ್ವರ ಮೂರ್ತಿಯ ದರ್ಶನಕ್ಕೆ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. ಬಯಲಿನಲ್ಲಿ ಬಿಟ್ಟ ಶೂಗಳಲ್ಲಿ ಮಳೆನೀರು ತುಂಬುತ್ತದೆ. ಒದ್ದೆ ಕಲ್ಲುಹಾಸಿನ ಮೇಲೆ ನಡೆದ ಪಾದಗಳನ್ನು ಹಾಗೆಯೇ ಕಾಲುಚೀಲದೊಳಗೆ ಸೇರಿಸಿದರೆ ತೇವ ಒಳಗೇ ಉಳಿಯುತ್ತದೆ. ಆದುದರಿಂದ ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿರಿಸಿ ಮಾಡಿನ ಕೆಳಗೆ ಇಡಬೇಕು. ಒಂದು ಚಿಕ್ಕ ಬೈರಾಸನ್ನು ಜೊತೆಯಲ್ಲಿಟ್ಟುಕೊಂಡು, ಹೊರಬಂದ ನಂತರ ಬೆರಳುಗಳ ಸಂದುಗಳನ್ನೂ ಒರೆಸಿಕೊಳ್ಳಬೇಕು. ಒಂದೇ ದಿನ ಹಲವು ಕ್ಷೇತ್ರಗಳನ್ನು ಸಂದರ್ಶಿಸುವವರಿಗೆ ಶೂಗಳಿಗಿಂತ ಸ್ಯಾಂಡಲ್‌ಗಳೇ ಅನುಕೂಲಕರ.

ರಾತ್ರಿಯ ಆರೈಕೆ

ಸತತವಾಗಿ ಒದ್ದೆಯಾಗಿರುವ ಪಾದದ ಚರ್ಮ ಬೆಳ್ಳಗಾಗಿ, ಸುಕ್ಕುಗಟ್ಟಿ, ನಡೆಯುವಾಗ ನೋಯುತ್ತದೆ. ಒಂದನೆಯ ಮಹಾಯುದ್ಧದ ಕಂದಕಗಳಲ್ಲಿ ತಣ್ಣನೆಯ ಕೆಸರುನೀರಿನಲ್ಲಿ ನಿಂತ ಸಾವಿರಾರು ಸೈನಿಕರು ಪಾದದ ಬಾಧೆಯಿಂದ ನರಳಿದರು. ಬೆಚ್ಚಗಿನ ನೀರಿನಿಂದಲೂ ಪಾದಗಳಿಗೆ ಹಾನಿಯಾಗಬಲ್ಲದು ಎಂಬುದು ವಿಯೆಟ್ನಾಂ ಯುದ್ಧಕಾಲದಲ್ಲಿ ಗದ್ದೆಗಳಲ್ಲಿ ನಡೆದ ಸೈನಿಕರ ಅನುಭವದಿಂದ ತಿಳಿದುಬಂದಿತು. ಎರಡೂ ಸಂದರ್ಭಗಳಲ್ಲಿ ಕಂಡುಕೊಂಡ ಮುಖ್ಯ ಉಪಾಯವೆಂದರೆ ಪಾದಗಳನ್ನು ನಿಯಮಿತವಾಗಿ ಒಣಗಿಸುವುದು.

ತಂಗುವ ಸ್ಥಳವನ್ನು ತಲುಪಿದ ಕೂಡಲೇ ಪಾದಗಳನ್ನು ಸಾಬೂನಿನಿಂದ ತೊಳೆದು, ಒರೆಸಿ, ರಾತ್ರಿಯಿಡೀ ಒಣದಾಗಿಡಬೇಕು. ಬೆರಳುಗಳ ಸಂದಿನಲ್ಲಿ ತುರಿಕೆ, ಬಿಳಿಪೊರೆ ಅಥವಾ ದುರ್ವಾಸನೆ ಕಂಡುಬಂದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ವೈದ್ಯರ ಸಲಹೆಯಂತೆ ಮುಲಾಮು ಬಳಸಬೇಕು.

ಶೂಗಳ ಒಳಹಾಸನ್ನು ತೆಗೆದು, ಒಳಗೆ ಹಳೆಯ ಪತ್ರಿಕೆಯ ಕಾಗದವನ್ನು ತುಂಬಿ, ಗಾಳಿಯಾಡುವ ಕಡೆ ಇಡಬೇಕು. ಕಾಗದ ನೀರನ್ನು ಹೀರಿಕೊಂಡ ಮೇಲೆ ಬದಲಾಯಿಸಬೇಕು. ಶೂಗಳನ್ನು ಬಚ್ಚಲ ಒಲೆಯ ಬಾಯಿಯಲ್ಲಿ ಇಡುವುದರಿಂದ ಚರ್ಮದ ಭಾಗ ಬಿರುಕು ಬಿಡುತ್ತದೆ ಮತ್ತು ಅಂಟು ಬಿಡುತ್ತದೆ. ಬೆಳಿಗ್ಗೆ ಧರಿಸುವ ಮೊದಲು ಶೂಗಳನ್ನು ಕೊಡವಿ, ಹಾವು, ಚೇಳುಗಳಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ಇಲಿ ಜ್ವರ: ಮುನ್ನೆಚ್ಚರಿಕೆ

ಇಲಿ, ಜಾನುವಾರು ಮುಂತಾದ ಪ್ರಾಣಿಗಳ ಮೂತ್ರದಿಂದ ಕಲುಷಿತಗೊಂಡ ನೀರು ಹಾಗೂ ಕೆಸರಿನಲ್ಲಿ ಲೆಪ್ಟೊಸ್ಪೈರಾ ಎಂಬ ರೋಗಾಣು ಇರುತ್ತದೆ. ಇದು ಶೂ ಕಚ್ಚಿದ ಗಾಯ, ಬಿರುಕುಬಿಟ್ಟ ಹಿಮ್ಮಡಿ, ಉಂಬಳ ಕಚ್ಚಿದ ಗಾಯ ಅಥವಾ ನೀರಿನಲ್ಲಿ ನೆನೆದು ಮೆದುವಾದ ಚರ್ಮದ ಮೂಲಕ ದೇಹವನ್ನು ಸೇರಬಲ್ಲದು. ಗಾಯಗಳನ್ನು ತೊಳೆದು ನೀರು ತಾಗದ ಪಟ್ಟಿಯಿಂದ ಮುಚ್ಚಬೇಕು. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಉಂಟಾದಂತಹ ನೆರೆಯ ಸಂದರ್ಭಗಳಲ್ಲಿ ನಿಂತ ನೀರಿನಲ್ಲಿ ಬರಿಗಾಲಿನಲ್ಲಿ ನಡೆಯಬಾರದು.

ರೋಗಲಕ್ಷಣಗಳು ಸಾಮಾನ್ಯವಾಗಿ 5ರಿಂದ 14 ದಿನಗಳೊಳಗೆ ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಒಂದು ತಿಂಗಳವರೆಗೂ ತಡವಾಗಬಹುದು. ತೀವ್ರ ಜ್ವರ, ತಲೆನೋವು, ಮೀನಖಂಡದ ನೋವು ಹಾಗೂ ಕಣ್ಣು ಕೆಂಪಾಗುವುದು ಮುಖ್ಯ ಲಕ್ಷಣಗಳು. ಚಿಕಿತ್ಸೆ ತಡವಾದರೆ ಕಾಮಾಲೆ ಮತ್ತು ಮೂತ್ರಪಿಂಡ ವೈಫಲ್ಯ ಉಂಟಾಗಬಹುದು. ಪ್ರವಾಸ ಮುಗಿಸಿ ಊರಿಗೆ ಹಿಂತಿರುಗಿದ ನಂತರ ಜ್ವರ ಬಂದಲ್ಲಿ, ನೀರು ಮತ್ತು ಕೆಸರಿನಲ್ಲಿ ನಡೆದಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆರಂಭದಲ್ಲಿಯೇ ಗುರುತಿಸಿದರೆ ಪ್ರತಿಜೀವಕ ಔಷಧಿಗಳಿಂದ ಗುಣಪಡಿಸಬಹುದು.

ಮಧುಮೇಹಿಗಳ ಗಮನಕ್ಕೆ

ಮಧುಮೇಹವುಳ್ಳವರಲ್ಲಿ ಪಾದಗಳ ಸ್ಪರ್ಶಜ್ಞಾನ ಕುಂದಿರುವ ಸಾಧ್ಯತೆಯಿದ್ದು, ಗುಳ್ಳೆ ಅಥವಾ ಗಾಯವಾದುದು ಅರಿವಿಗೆ ಬಾರದಿರಬಹುದು. ಇವರು ಪ್ರತಿ ರಾತ್ರಿ ಅಂಗಾಲುಗಳನ್ನು ಕನ್ನಡಿಯ ನೆರವಿನಿಂದ ಅಥವಾ ಮನೆಯವರಿಂದ ಪರೀಕ್ಷಿಸಿಕೊಳ್ಳಬೇಕು. ಬೆಂಕಿಯ ಬಳಿ ಅಥವಾ ಬಿಸಿನೀರಿನಲ್ಲಿ ಪಾದಗಳನ್ನು ಕಾಯಿಸಿಕೊಳ್ಳಬಾರದು.

ಪಾದದ ಗಾಯ ಕೀವುಗಟ್ಟಿದಲ್ಲಿ ಅಥವಾ ಜ್ವರ ಕಾಣಿಸಿಕೊಂಡಲ್ಲಿ ಸ್ವಯಂ ಚಿಕಿತ್ಸೆಗೆ ಮುಂದಾಗದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸ್ ಸೇವೆಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು.