ಪುಣೆಯ ಬಯಲು ಬೈಠಕುಗಳೂ ಧ್ವನಿಮುದ್ರಣವೂ

ಪುಣೆಯ ಸಂಗೀತದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಗಾಯಕರ ಹೆಸರು, ಘರಾಣೆ, ಬಿರುದುಗಳಿಂದ ಆರಂಭಿಸುತ್ತಾರೆ. ಕೇಳುಗರಿಂದ ಆರಂಭಿಸಿದವರು ವಿರಳ. ಕಾಸು ತೆರದೆ ಬೀದಿಯಲ್ಲಿ ನಿಂತೋ, ಮಂಟಪದ ಜಮಖಾನೆಯ ಮೇಲೆ ಕುಳಿತೋ ಸಂಗೀತ ಕೇಳಿದ ಜನಸಮೂಹವೂ ಈ ಊರಿನ ಸಂಗೀತವನ್ನು ಪೋಷಿಸಿತೆಂಬುದು ವಿದಿತವಾದ ಸಂಗತಿ. ಆದರೆ ಆ ಸಭೆಗಳಲ್ಲಿ ಹಾಡಿದ್ದರಲ್ಲಿ ಎಷ್ಟು ಉಳಿದಿದೆ, ಹೇಗೆ ಉಳಿದಿದೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತಿದಂತಿಲ್ಲ. ಹಾಡಿದವರಲ್ಲಿ ಧಾರವಾಡ, ಗದಗು, ಕುಂದಗೋಳಗಳ ಕಡೆಯವರು ಅನೇಕರಾದುದರಿಂದ ಕನ್ನಡಿಗರಿಗೆ ಈ ವಿಷಯ ಹೊರಗಿನದಲ್ಲ.

1893–94ರ ಸುಮಾರಿಗೆ ಸಾರ್ವಜನಿಕ ಗಣೇಶೋತ್ಸವವು ಪುಣೆಯ ಪೇಠೆಗಳಲ್ಲಿ ರೂಢಿಗೆ ಬಂದಾಗ ಅದರೊಡನೆ ಮೇಳಗಳೂ ಬಂದವು. ತರುಣರ ತಂಡಗಳು ಪದಗಳನ್ನು ಹಾಡುತ್ತ ಓಣಿಯಿಂದ ಓಣಿಗೆ ಹೋಗುತ್ತಿದ್ದವು. ಆಂಗ್ಲ ಸರಕಾರದ ಪೊಲೀಸರು ಈ ಪದಗಳ ಮೇಲೆ ಕಣ್ಣಿಟ್ಟು ವರದಿ ಬರೆದರು. ಹೀಗಾಗಿ ಮಾತುಗಳಲ್ಲಿ ಕೆಲವು ದಫ್ತರಗಳಲ್ಲಿ ಉಳಿದವು. ಧಾಟಿಯನ್ನು ಬರೆದಿಡುವುದು ಪೊಲೀಸರ ಕೆಲಸವಾಗಿರಲಿಲ್ಲವಷ್ಟೆ. ಮುಂದೆ ಇದೇ ಉತ್ಸವದ ಮಂಟಪಗಳು ಖ್ಯಾಲ್ ಗಾಯಕರಿಗೂ ವೇದಿಕೆಯಾದವು.

ಗ್ರಾಮಾಫೋನ್ ಕಂಪನಿಯವರು ಕಲಕತ್ತೆಯಲ್ಲಿ ಮೊದಲ ಮುದ್ರಣಗಳನ್ನು ಮಾಡಿದ್ದು 1902ರಲ್ಲಿ. ಕೆಲವೇ ವರ್ಷಗಳಲ್ಲಿ ಅಬ್ದುಲ್ ಕರೀಮ್ ಖಾನ್ ಸಾಹೇಬರ ಕಂಠವೂ ತಟ್ಟೆಗೆ ಇಳಿಯಿತು. ಖಾನ್ ಸಾಹೇಬರು 1910ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಆರ್ಯ ಸಂಗೀತ ವಿದ್ಯಾಲಯ 1913ರಲ್ಲಿ ಪುಣೆಗೆ ಬಂದಿತು. ಅವರ ಶಿಷ್ಯರಾದ ಕುಂದಗೋಳದ ರಾಮಚಂದ್ರರಾಯರು ಸವಾಯಿ ಗಂಧರ್ವರೆಂದು ಹೆಸರಾದರು. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುವುದು ಮೂರು, ಮೂರೂವರೆ ನಿಮಿಷದ ಹಾಡು. ಒಂದು ಗಂಟೆ ಬೆಳೆಸುವ ರಾಗವನ್ನು ಗಾಯಕನು ಅಲ್ಲಿ ಮುಷ್ಟಿಯಲ್ಲಿ ಹಿಡಿದು ತೋರಿಸಬೇಕಾಗುತ್ತಿತ್ತು. ಇದೊಂದು ಪ್ರತ್ಯೇಕ ಕಲೆಯೆಂದೇ ಹೇಳಬೇಕು. ಬೈಠಕಿನ ಪಡಿಯಚ್ಚೆಂದು ಅದನ್ನು ಭಾವಿಸುವುದು ತಪ್ಪು.

ಹಾಗೆಂದು ತಟ್ಟೆಯ ಉಪಕಾರವನ್ನು ಮರೆಯಲಾಗದು. ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಗ್ರಾಮಾಫೋನಿನ ದನಿ ಕೇಳಿಸಿದರೆ ಬೀದಿಗೆ ಓಡಿಬಂದು ಕೇಳಿ, ಅದನ್ನು ಅನುಕರಿಸಲು ಯತ್ನಿಸುತ್ತಿದ್ದುದನ್ನು ತಾವೇ ನೆನೆದಿದ್ದಾರೆ. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಭಜನೆಯ ದಿಂಡಿಯ ಹಿಂದೆಯೋ ಬ್ಯಾಂಡಿನ ಹಿಂದೆಯೋ ಹೋಗಿ ದಣಿದು ಎಲ್ಲೋ ಮಲಗಿಬಿಡುತ್ತಿದ್ದರಂತೆ. ತಂದೆ ಕೊನೆಗೆ ಅಂಗಿಯ ಮೇಲೆಯೇ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಖಾನ್ ಸಾಹೇಬರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿದುದೇ ಆ ಹುಡುಗನು ಗುರುವನ್ನು ಅರಸಿ ಮನೆ ಬಿಡಲು ಪ್ರೇರಣೆಯಾಯಿತು. ಹೀಗೆ ಬಿಟ್ಟಿಯಾಗಿ ಕೇಳಿದವರೇ ಮುಂದೆ ಊರಿಗೆ ಊರನ್ನೇ ಕೂಡಿಸಿ ಹಾಡಿದರು.

ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಕಾಲವಾದರು. ಮರುವರ್ಷ ಭೀಮಸೇನ ಜೋಶಿಯವರ ಮುಂದಾಳುತನದಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ, ಗುರುವಿನ ಪುಣ್ಯತಿಥಿಯ ಸಂಗೀತೋತ್ಸವ ಆರಂಭವಾಯಿತು. ಪುಣೆಯ ಆಕಾಶವಾಣಿ ಕೇಂದ್ರ ತೆರೆದುದೂ ಅದೇ 1953ರ ಅಕ್ಟೋಬರ್ 2ರಂದು. ಉತ್ಸವವು ಬೆಳೆದಂತೆ ಟಿಕೇಟಿನ ಸಭೆಯಾಯಿತೆಂಬುದು ನಿಜ. ಆದರೂ ನೆಲದ ಮೇಲೆ ಕುಳಿತು ಕೇಳುವ ಭಾರತೀಯ ಬೈಠಕಿನ ಸ್ಥಳ, ರಾತ್ರಿಯಿಡೀ ಹಾಡುಗಾರಿಕೆ, ಕಡೆಯ ದಿನದ ಬೆಳಗಿನಲ್ಲಿ ಭೀಮಸೇನರ ಗಾಯನ, ಇವುಗಳಲ್ಲಿ ಮಂಟಪದ ಸಂಪ್ರದಾಯವೇ ಮುಂದುವರಿದುದು ಕಾಣಬರುತ್ತದೆ. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರದೇ ಭೈರವಿ ಠುಮರಿಯ ತಟ್ಟೆಯನ್ನು ನುಡಿಸುವ ಪದ್ಧತಿ ಇತ್ತು. ಸಹಸ್ರಾರು ಜನ ಆ ಮೂರು ನಿಮಿಷ ಮೌನವಾಗಿ ಕುಳಿತಿರುತ್ತಿದ್ದರು.

ಇನ್ನು ಟೇಪಿನ ಮಾತು. ಏಳು ಅಂಗುಲದ ರೀಲಿನಲ್ಲಿ 1200 ಅಡಿ ಪಟ್ಟಿ ಹಿಡಿಯುತ್ತದೆ. ಸೆಕೆಂಡಿಗೆ 3¾ ಅಂಗುಲದ ವೇಗದಲ್ಲಿ ಅದು ಒಂದು ಬದಿಗೆ 64 ನಿಮಿಷ ಓಡುತ್ತದೆ. ವಿಲಂಬಿತ ಖ್ಯಾಲ್ ಒಂದು ಇಡಿಯಾಗಿ ಉಳಿಯಲು ಸಾಧ್ಯವಾದುದು ಇದರಿಂದ. ಮೊದಲು ಕೆಲವೇ ಅನುಕೂಲಸ್ಥರು, ಮುಂದೆ 1963ರಲ್ಲಿ ಹೊರಬಂದ ಕ್ಯಾಸೆಟ್ಟು ಅಗ್ಗವಾದಾಗ ಗುಮಾಸ್ತರೂ ಮಾಸ್ತರರೂ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಮುದ್ರಿಸಿಕೊಂಡರು. ಮಾರಾಟದ ಉದ್ದೇಶವಿಲ್ಲದ ಈ ಮುದ್ರಣಗಳಲ್ಲಿ ಕೆಮ್ಮು, ಮಗುವಿನ ಅಳು, ಶ್ರೋತೃಗಳ ‘ವಾಹವಾ’ ಎಲ್ಲವೂ ಸೇರಿವೆ. ಕಂಪನಿಯವರು ಅವನ್ನು ದೋಷವೆಂದಾರು. ಇತಿಹಾಸಕಾರನಿಗೆ ಅವು ಸಾಕ್ಷ್ಯ.

ಈ ಸಾಕ್ಷ್ಯದ ಬೆಲೆ ಈಚೆಗೆ ಮತ್ತಷ್ಟು ಹೆಚ್ಚಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ನಡುರಾತ್ರಿಯವರೆಗೆ ಸರಕಾರ ಸಡಿಲಿಕೆ ಕೊಡಬಹುದು. ರೋಗಿಗಳ, ಮಕ್ಕಳ ನಿದ್ರೆಯ ದೃಷ್ಟಿಯಿಂದ ನಿಯಮ ನ್ಯಾಯವಾದುದೇ ಸರಿ. ಆದರೆ ಅದರ ಫಲವಾಗಿ ಬಯಲಿನ ಅಹೋರಾತ್ರಿ ಬೈಠಕು ನಿಂತಿತು. ತೋಡಿಗೆ ಬೆಳಗಿನ ಸಭೆಯನ್ನು ಕೂಡಿಸಬಹುದು. ನಡುರಾತ್ರಿ ಕಳೆದ ಮೇಲಿನ ದರಬಾರಿಗೆ, ಇರುಳು ಹರಿಯುವ ಹೊತ್ತಿನ ಲಲಿತಕ್ಕೆ ಬಯಲಿನಲ್ಲಿ ಈಗ ಸಮಯವಿಲ್ಲ. ಆ ರಾಗಗಳನ್ನು ಆಯಾ ಹೊತ್ತಿನಲ್ಲಿ, ದಣಿದ ಕಂಠದಿಂದ, ತೆರವಾಗದ ಸಭೆಯ ಮುಂದೆ ಹಾಡುತ್ತಿದ್ದುದು ಹೇಗೆಂಬುದನ್ನು ಇನ್ನು ಟೇಪೇ ಹೇಳಬೇಕು.

ಆ ಟೇಪುಗಳ ಅವಸ್ಥೆಯಾದರೋ ಚಿಂತಾಜನಕವಾದುದು. ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಲೇಪ ಉದುರುತ್ತದೆ, ಓಡಿಸುವ ಯಂತ್ರಗಳು ಗುಜರಿಗೆ ಹೋಗಿವೆ. ಇದಕ್ಕಿಂತ ದೊಡ್ಡ ಹಾನಿ ಬರವಣಿಗೆಯ ಕೊರತೆಯಿಂದ ಆಗುತ್ತದೆ. ಮೇಲೆ ‘ಪಂಡಿತಜಿ, ಗಣಪತಿ’ ಎಂದಷ್ಟೇ ಬರೆದ ಕ್ಯಾಸೆಟ್ಟಿಗೂ, ಅರಸನ ಹೆಸರೂ ಶಕವರ್ಷವೂ ಒಡೆದುಹೋದ ಶಾಸನಕ್ಕೂ ಹೆಚ್ಚು ಭೇದವಿಲ್ಲ. ಮುದ್ರಿಸಿಕೊಂಡವರು ಗತಿಸಿದ ಮೇಲೆ ಯಾವ ಪೇಠೆ, ಯಾವ ವರ್ಷ, ತಬಲೆಗೆ ಯಾರು ಎಂಬುದನ್ನು ಹೇಳಬಲ್ಲವರು ಮನೆಯಲ್ಲಿ ಇರುವುದಿಲ್ಲ. ಸಂಗೀತ ಮುದ್ರಣಗಳ ಶಾಸ್ತ್ರೀಯ ಸಂಗ್ರಹಕ್ಕಾಗಿ 1982ರಲ್ಲಿ ಪುಣೆಯಲ್ಲಿಯೇ ಒಂದು ಜಾನಪದ-ಸಂಗೀತ ಸಂಶೋಧನ ಭಂಡಾರ ಸ್ಥಾಪಿತವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ದೆಹಲಿಯ ಕಡೆಗೆ ಸಾಗಿತು.

ಹಕ್ಕಿನ ಪ್ರಶ್ನೆಯೊಂದು ಇಲ್ಲಿ ಅಡ್ಡಬರುತ್ತದೆ. 1957ರ ಗ್ರಂಥಸ್ವಾಮ್ಯ ಕಾಯಿದೆಯಲ್ಲಿ ಹಾಡುವವನಿಗೆ ತನ್ನ ಗಾಯನದ ಮೇಲೆ ಪ್ರತ್ಯೇಕ ಹಕ್ಕು ಇರಲಿಲ್ಲ. 1994ರ ತಿದ್ದುಪಡಿಯಿಂದ ಅದು 25 ವರ್ಷಗಳ ಮಟ್ಟಿಗೆ ದೊರೆತು, 1999ರಲ್ಲಿ 50 ವರ್ಷಕ್ಕೆ ಏರಿತು. ಸ್ವಂತ ಉಪಯೋಗಕ್ಕೂ, ಪ್ರಾಮಾಣಿಕವಾದ ಬೋಧನೆ-ಸಂಶೋಧನೆಗಳಿಗೂ ಮುದ್ರಿಸಿಕೊಳ್ಳುವುದಕ್ಕೆ 39ನೆಯ ಕಲಮು ವಿನಾಯಿತಿ ಕೊಡುತ್ತದೆ. ಮಾರುವುದು, ಪ್ರಸಾರ ಮಾಡುವುದು ಬೇರೆಯ ಮಾತು, ಅದಕ್ಕೆ ಗಾಯಕರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ಪಟ್ಟಿ ಮಾಡುವುದಕ್ಕೆ ಮಾತ್ರ ಯಾರ ಒಪ್ಪಿಗೆಯೂ ಬೇಡ. ಗಾಯಕರ ಹೆಸರು, ರಾಗ, ದಿನಾಂಕ, ಮಂಟಪ, ಸಾಥಿಯವರು, ಹಾಡಿದ ಹೊತ್ತು, ಇಷ್ಟನ್ನು ಕೇಳಿದವರು ಇರುವಾಗಲೇ ಕೇಳಿ ಬರೆದಿಡಬಹುದು. ಪುಣೆಯ ಕನ್ನಡ ಮನೆಗಳಿಂದಲೇ ಅದನ್ನು ಆರಂಭಿಸಬಹುದು.