ನಲಿಕಲಿಯ ಏಣಿ

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಕೊಕ್ಕಡಕ್ಕೆ ಹೋಗಿದ್ದಾಗ ಅಕ್ಕನ ಮಗನನ್ನು ಕೇಳಿದೆ, "ಓದು ಎಲ್ಲಿಗೆ ಬಂತು ಮಾರಾಯ?"

"ಅರ್ಧ ಏಣಿ ಆಯ್ತು ಮಾವ, ನಾಳೆ ಮುಂದಿನ ಕಾರ್ಡು" ಅಂದ.

ನಗು ಬಂತು, ಹಿಂದೆಯೇ ಸ್ವಲ್ಪ ಹೊಟ್ಟೆಕಿಚ್ಚೂ.. ಎರಡನೇ ಕ್ಲಾಸಿನಲ್ಲಿ ನಾನು ಕಾಮಾಲೆಯಾಗಿ ಒಂದು ತಿಂಗಳು ಮಲಗಿದ್ದೆ. ವಾಪಸ್ ಹೋಗುವಾಗ ಒತ್ತಕ್ಷರದ ಪಾಠ ಮುಗಿದಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಕಡಿಮೆಯಾದದ್ದು ಎಲ್ಲರಿಗೂ ಕಂಡಿತು. ಎಲ್ಲಿ ಎಡವಿದ್ದೇನೆ ಅಂತ ನನಗೂ ಗೊತ್ತಿರಲಿಲ್ಲ.

ಆ ಏಣಿಯ ಕಥೆ ಶುರುವಾಗುವುದು ಆಂಧ್ರದ ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಯಲ್ಲಿ. ಅಲ್ಲಿನ ಹಳ್ಳಿಶಾಲೆಗಳಿಗಾಗಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಪಠ್ಯಪುಸ್ತಕವನ್ನು ಕಾರ್ಡುಗಳಾಗಿ ಬಿಡಿಸಿ, ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿದ್ದರು. ಅದನ್ನು ನೋಡಿ ಬಂದ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆ ಮಾಸ್ಟ್ರುಗಳು 1995ರಲ್ಲಿ ಯುನಿಸೆಫ್ ನೆರವಿನಿಂದ ಕನ್ನಡದಲ್ಲಿ ಶುರುಮಾಡಿದ್ದೇ ನಲಿಕಲಿ.

ಅಕ್ಷರ ಕಲಿಕೆ 'ಅ ಆ ಇ ಈ'ಯಿಂದ ಹೊರಡುವುದಿಲ್ಲ; ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸಾಕು, ಮಗು 'ಅರಸ', 'ಗರಗಸ' ಓದುತ್ತದೆ! ಕಾರ್ಡಿನ ಮೇಲಿನ ಚಿತ್ರ ನೋಡಿ ಮುಂದಿನ ಮೆಟ್ಟಿಲು ತಾನೇ ಹುಡುಕುತ್ತದೆ. ಗೋಡೆಯ 'ಪ್ರಗತಿ ನೋಟ'ದಲ್ಲಿ ಯಾರು ಎಲ್ಲಿದ್ದಾರೆ ಅಂತ ಗುರುತು. ಹೊಲದ ಕೆಲಸಕ್ಕೋ ಜ್ವರಕ್ಕೋ ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ :-)

ಆಮೇಲೆ ದೊಡ್ಡ ಯಂತ್ರಗಳು ಬಂದವು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಟಿವಿಗೆ ಆಕಾಶದಿಂದ ಪಾಠ ಇಳಿಯಿತು. ಆದರೆ ಎದುರು ಕೂತ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಟಿವಿಗೇನು ಗೊತ್ತು? ಮುಂದಿನ ದಶಕದಲ್ಲಿ ಸ್ಯಾಟ್ಸ್ ತಂತ್ರಾಂಶ ಬಂತು. ಪ್ರತಿ ಮಗುವಿಗೊಂದು ನಂಬರ್. ದಾಖಲಾತಿ, ಅಂಕ ಎಲ್ಲ ಕಂಪ್ಯೂಟರಿಗೆ. ಇಲಾಖೆಗೆ ಅದು ಬೇಕೇ ಬೇಕು. ಆದರೆ ಎರಡನೇ ಕ್ಲಾಸಿನ ಮಗು ಅದನ್ನು ತೆರೆದು ನೋಡುವುದಿಲ್ಲವಲ್ಲ.

ನಲಿಕಲಿಗೂ ಕಷ್ಟಗಳಿವೆ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು-ಎರಡನೇ ತರಗತಿಗಳಿಗೆಲ್ಲ ಅದು ಬಂತು. ಒಂದು ಕಾರ್ಡು ಕಳೆದರೆ ಏಣಿಯ ಒಂದು ಮೆಟ್ಟಿಲೇ ಹೋದ ಹಾಗೆ. ಹಲವು ಮೆಟ್ಟಿಲುಗಳ ಮಕ್ಕಳನ್ನು ಒಬ್ಬರೇ ಮಾಸ್ಟ್ರು ನೋಡಿಕೊಂಡು ದಾಖಲೆಯನ್ನೂ ಬರೆಯಬೇಕು. ತಂತ್ರಾಂಶ ನೆರವಾಗಬೇಕಾದದ್ದು ಅಲ್ಲಿ.

ಆಫೀಸಿನಲ್ಲಿ ನಾನು ಮಾಡುವುದೂ ಡ್ಯಾಶ್‌ಬೋರ್ಡುಗಳನ್ನೇ. ಈಗ ಹೊಸತೊಂದು ಶುರುಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ನೋಡಿ ನಾಳೆ ಬೆಳಿಗ್ಗೆ ಯಾರು, ಏನು ಮಾಡುತ್ತಾರೆ? ಅಕ್ಕನ ಮಗನ ಹತ್ತಿರ ಉತ್ತರ ಇತ್ತು.

ನಿಮ್ಮೂರ ಶಾಲೆಯಲ್ಲಿ ಹೇಗಿತ್ತು?